ಹೊಗೆ ಮೇಲಕ್ಕೆ ಹೋಗುವ ಪೈಪು

ಆದರೆ ಪೆಟ್ರೋಲಿನಲ್ಲಿ ಓಡುವ ಲಾರಿಯ ಹೊಗೆ ಅಷ್ಟು ಕಪ್ಪಗಿರುತ್ತದೆಯೇ? ನನಗೆ ಕಾಣುವ ಚಿತ್ರದಲ್ಲಿ ಅದು ಕಪ್ಪಗೇ ಇದೆ. ನನ್ನ ತಮ್ಮನ ಲಾರಿ ಕೆರೆ ಏರಿಯ ಮೇಲೆ ಹೋಗುತ್ತಿದೆ. ಹಿಂದೆ ರೇಷ್ಮೆಹುಳ ಗೂಡು ಕಟ್ಟುವ ಬಿದಿರ ಚಂದ್ರಿಕೆಗಳನ್ನು ಸಾಲಾಗಿ ನಿಲ್ಲಿಸಿ ಹಗ್ಗ ಬಿಗಿದಿದ್ದಾರೆ. ಕ್ಯಾಬಿನ್ನಿನ ಬೆನ್ನಿಗೆ ಎದ್ದು ನಿಂತ ಹೊಸ ಪೈಪಿನಿಂದ ಕಪ್ಪು ಹೊಗೆ ಹೊರಟು ಆ ಚಂದ್ರಿಕೆಗಳ ಮೇಲೆ ಬೀಳುತ್ತಿದೆ. ಎಲ್ಲವೂ ಸ್ಪಷ್ಟವಾಗಿದೆ. ತೊಂದರೆ ಏನೆಂದರೆ ಆ ಹೊತ್ತಿನಲ್ಲಿ ನಾನು ಲಾರಿಯ ಒಳಗೆ, ತಮ್ಮನ ಪಕ್ಕದಲ್ಲಿ ಕೂತಿದ್ದೆ. ಹಿಂದಿನಿಂದ ಲಾರಿಯನ್ನು ನೋಡಲು ನನಗೆ ಸಾಧ್ಯವೇ ಇರಲಿಲ್ಲ. ಏರಿಯ ಮೇಲೆ ನಿಂತು ಇದನ್ನು ನೋಡಿದವರು ನಾನಲ್ಲ. ನೋಡಿದವರು ಯಾರೋ ನನ್ನ ಗಂಡನ ಮನೆಯಲ್ಲಿ ಹೇಳಿದ್ದಾರೆ, ಆ ಮನೆಯವರು ವರ್ಷಗಟ್ಟಲೆ ಹೇಳಿದ್ದಾರೆ, ನಾನು ಅದನ್ನೇ ಕಂಡಿದ್ದೇನೆ.

ಆದ್ದರಿಂದ ಈ ಚಿತ್ರವನ್ನು ಬಿಡುತ್ತೇನೆ. ನನ್ನ ಕಾಲಿಗೆ ಗೊತ್ತಿರುವುದರಿಂದ ಶುರು ಮಾಡುತ್ತೇನೆ. ನನ್ನ ಕಾಲು ಸುಡುತ್ತಿತ್ತು.

ಅರವತ್ತರ ದಶಕದ ಮೊದಲ ವರ್ಷಗಳು. ಗೌರಿಬಿದನೂರಿನ ಕಡೆಯ ನನ್ನ ತವರಿಗೆ ಗೌರಿಹಬ್ಬಕ್ಕೆ ಬಂದವಳು ಹಬ್ಬ ಮುಗಿದ ಮೇಲೂ ಉಳಿದಿದ್ದೆ. ಮೊದಲ ಬಸಿರು, ಏನು ತಿಂದರೂ ನಿಲ್ಲುತ್ತಿರಲಿಲ್ಲ. ಗಂಡನ ಮನೆ ಚಿಂತಾಮಣಿಯಿಂದ ಮುರುಗಮಲ್ಲದ ರಸ್ತೆಯಲ್ಲಿ ಹೋಗಿ ಒಳಗೆ ತಿರುಗುವ ಒಂದು ಸಣ್ಣ ಊರು. ಹೊಲ ಗದ್ದೆ ಇದ್ದವರು, ಆದರೆ ಕೈಗೆ ಕಾಸು ಕಾಣಿಸುತ್ತಿದ್ದುದು ರೇಷ್ಮೆಯಿಂದ. ಅಲ್ಲಿಂದ ಅತ್ತೆ ಹೇಳಿಕಳಿಸಿದರು: ಹುಳ ನಾಲ್ಕನೇ ಜ್ವರದಿಂದ ಎದ್ದಿದೆ, ಹಣ್ಣಾಗೋ ಹೊತ್ತಿಗೆ ಕೈ ಸಾಲದು, ಬಾ. ಹುಳ ಪೊರೆ ಬಿಡುವ ಮುನ್ನ ತಲೆಯೆತ್ತಿಕೊಂಡು ಅಲ್ಲಾಡದೆ ಮಲಗುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ನಾಲ್ಕು ಜ್ವರ ದಾಟಿದ ಹುಳ ಒಂದು ವಾರ ಹಗಲೂ ಇರುಳೂ ಸೊಪ್ಪು ತಿನ್ನುತ್ತದೆ. ಆಮೇಲೆ ಮೈ ಹಳದಿಗೆ ತಿರುಗಿ ಹಣ್ಣಾಗಿ, ಸೊಪ್ಪು ಮುಟ್ಟದೆ ಗೂಡು ಕಟ್ಟುವ ಜಾಗ ಹುಡುಕುತ್ತದೆ. ಆ ಜಾಗವೇ ಚಂದ್ರಿಕೆ. ಆಳೆತ್ತರದ ಬಿದಿರಿನ ತಟ್ಟಿ, ಅದರ ಮೇಲೆ ಸುರುಳಿಯಾಗಿ ಹೆಣೆದ ಬಿದಿರ ಪಟ್ಟಿ. ಹಣ್ಣು ಹುಳವನ್ನು ಸುರುಳಿಯ ಸಂದಿಗೆ ಬಿಟ್ಟರೆ ಅದು ಅಲ್ಲೇ ನೂಲು ಬಿಡಲು ಶುರುಮಾಡುತ್ತದೆ. ಚಂದ್ರಿಕೆ ಎಲ್ಲರ ಮನೆಯಲ್ಲೂ ಬೇಕಾದಷ್ಟು ಇರುತ್ತಿರಲಿಲ್ಲ. ಬಾಡಿಗೆಗೆ ಕೊಡುವವರಿದ್ದರು. ಎತ್ತಿನ ಗಾಡಿಯ ಮೇಲೆ ಅವು ಒಂದೂರಿನಿಂದ ಇನ್ನೊಂದೂರಿಗೆ ತಿರುಗುತ್ತಿದ್ದವು.

ಅತ್ತೆಯ ಮಾತಿನ ಜೊತೆಗೆ ಮಾವನವರದೂ ಒಂದು ಮಾತು ಬಂದಿತ್ತು. ಈ ಸಲ ಬೆಳೆ ದೊಡ್ಡದು, ಮನೆಯ ಚಂದ್ರಿಕೆ ಸಾಲದು, ಶಿಡ್ಲಘಟ್ಟದಲ್ಲಿ ಒಬ್ಬರ ಹತ್ತಿರ ಮಾತಾಡಿದೆ, ಹೇಗೂ ನಿಮ್ಮ ಹುಡುಗ ಲಾರಿ ತರ್ತಾನಲ್ಲ, ಅದರಲ್ಲೇ ಹಾಕ್ಕೊಂಡು ಬರಲಿ.

ನನ್ನ ತಮ್ಮ ಆಗ ಇಪ್ಪತ್ತೆರಡೋ ಇಪ್ಪತ್ತಮೂರೋ ವರ್ಷದವನು. ಎರಡನೇ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಲಾರಿಯೊಂದು ಯಾರು ಯಾರದೋ ಕೈ ದಾಟಿ ನಮ್ಮ ಮನೆಗೆ ಬಂದಿತ್ತು. ಅಪ್ಪ ಕೊಂಡದ್ದು, ಅವನು ಓಡಿಸುತ್ತಿದ್ದದ್ದು. ಆಲೂಗಡ್ಡೆ, ಈರುಳ್ಳಿ, ಕಡಲೆಕಾಯಿ, ಹೆಂಚು, ಸಿಕ್ಕಿದ್ದನ್ನು ಹೊರುತ್ತಿತ್ತು. ಆ ತಲೆಮಾರಿನ ಲಾರಿಗೆ ಬಿಡಿ ಸಾಮಾನು ಆಗಲೇ ಸಿಗುತ್ತಿರಲಿಲ್ಲ. ಎಂಜಿನ್ನಿನ ಪಕ್ಕಕ್ಕೆ ಎರಕದ ಒಂದು ಭಾಗ ಇರುತ್ತದೆ. ಎಂಜಿನ್ನಿನ ಆರು ಬಾಯಿಂದ ಬರುವ ಹೊಗೆಯನ್ನು ಒಂದು ಮಾಡಿ ಸೈಲೆನ್ಸರಿಗೆ ಕಳಿಸುವುದು ಅದರ ಕೆಲಸ. ಮೆಕ್ಯಾನಿಕ್ಕುಗಳು ಅದಕ್ಕೆ ಮ್ಯಾನಿಫೋಲ್ಡು ಅನ್ನುತ್ತಾರೆ. ನಮ್ಮ ಲಾರಿಯದು ಸೀಳಿತ್ತು. ತಮ್ಮ ಅದಕ್ಕೆ ಬೆಂಕಿಗೆ ಸುಡದ ಕಲ್ನಾರಿನ ಹಗ್ಗ ಸುತ್ತಿ, ಮೇಲೆ ತಗಡು ಬಡಿದು, ತಂತಿ ಬಿಗಿದು ಓಡಿಸುತ್ತಿದ್ದ. ಸೀಳಿನಿಂದ ಹೊಗೆ ಒಳಕ್ಕೆ ಬರುತ್ತಿತ್ತು. ನನ್ನ ಕಾಲ ಕೆಳಗಿನ ಹಲಗೆ ಸುಡುತ್ತಿತ್ತು, ಹಲಗೆಯ ಸಂದಿನಿಂದ ವಾಸನೆ ಏಳುತ್ತಿತ್ತು. ಮಂಚೇನಹಳ್ಳಿ ದಾಟುವ ಹೊತ್ತಿಗೆ ನಾನು ಎರಡು ಸಲ ಇಳಿದು ವಾಂತಿ ಮಾಡಿದ್ದೆ.

ಎರಡು ಸಲ ಎಂದು ಬರೆದೆ. ಮೂರು ಸಲವೂ ಇರಬಹುದು. ಆದರೆ ತಮ್ಮ ಪ್ರತಿ ಸಲವೂ ನೀರಿನ ಚೆಂಬು ಹಿಡಿದುಕೊಂಡು ನನ್ನ ಕಡೆ ನೋಡದೆ, ಗುಡ್ಡದ ಕಡೆ ನೋಡುತ್ತ ನಿಂತಿದ್ದ. ಅದು ನನ್ನದೇ ನೆನಪು. ಯಾರೂ ನನಗೆ ಹೇಳಿಕೊಟ್ಟದ್ದಲ್ಲ.

"ಅಕ್ಕ, ಬಸ್ಸಿಗೆ ಹತ್ತಿಸಿಬಿಡ್ಲಾ?"

"ಬಸ್ಸಿನಲ್ಲಿ ವಾಂತಿ ಮಾಡ್ಕೊಂಡ್ರೆ ಊರೆಲ್ಲ ನೋಡ್ತೈತೆ. ಇಲ್ಲಾದ್ರೆ ನೀನೊಬ್ಬನೇ."

"ನಾನು ನೋಡ್ತಿಲ್ಲವಲ್ಲ."

"ಅದಕ್ಕೇ ಹೇಳಿದ್ದು."

ಅವನು ನಕ್ಕ. ಆಮೇಲೆ ಬಾನೆಟ್ ಎತ್ತಿ ತಗಡನ್ನು ಇನ್ನೊಂದಿಷ್ಟು ಬಡಿದ. ಚಿಕ್ಕಬಳ್ಳಾಪುರ ಬಂತು. ಅಲ್ಲಿ ನಿಲ್ಲಿಸಿದೆವೋ ಇಲ್ಲವೋ. ಕಾಫಿ ಕುಡಿದ ನೆನಪಿದೆ. ಅದು ಯಾವ ಊರ ಕಾಫಿಯೂ ಆಗಬಹುದು. ಮೋಡ ಮುಚ್ಚಿತ್ತು. ಕಳವಾರದ ಗುಡ್ಡ ಅರ್ಧ ಮಾತ್ರ ಕಾಣುತ್ತಿತ್ತು.

ಆಮೇಲಿನದು ಆ ಸೀಳು ಸರಿಮಾಡಿಸಲು ನಿಲ್ಲಿಸಿದ ವೆಲ್ಡಿಂಗ್ ಶೆಡ್ಡು. ಇಲ್ಲಿ ನಾನು ನಿಧಾನವಾಗಿ ಹೋಗಬೇಕು.

ಗೌರಿಬಿದನೂರಿನಿಂದ ಹೊರಟರೆ ದಾರಿ ಹೀಗಿದೆ: ಚಿಕ್ಕಬಳ್ಳಾಪುರ, ಆಮೇಲೆ ಶಿಡ್ಲಘಟ್ಟ, ಆಮೇಲೆ ಚಿಂತಾಮಣಿ, ಅಲ್ಲಿಂದ ನನ್ನ ಗಂಡನ ಊರು. ಚಂದ್ರಿಕೆ ಹೇರಿದ್ದು ಶಿಡ್ಲಘಟ್ಟದಲ್ಲಿ. ಅದರಲ್ಲಿ ಯಾರಿಗೂ ಅನುಮಾನವಿಲ್ಲ. ಹಾಗಾಗಿ ಆ ಶೆಡ್ಡು ಚಿಂತಾಮಣಿಯಲ್ಲಿದ್ದರೆ, ಹೊಸ ಪೈಪು ಆರಿಸುವಾಗ ಚಂದ್ರಿಕೆಗಳು ಲಾರಿಯ ಮೇಲೇ ಇದ್ದವು. ತಮ್ಮ ಅವನ್ನು ನೋಡುತ್ತಲೇ ಆರಿಸಿದ. ಶೆಡ್ಡು ಶಿಡ್ಲಘಟ್ಟದಲ್ಲಿ ಹೇರುವ ಮೊದಲೋ, ಅದಕ್ಕೂ ಹಿಂದಿನ ಊರಲ್ಲೋ ಸಿಕ್ಕಿದ್ದರೆ ಲಾರಿ ಖಾಲಿಯಿತ್ತು, ಅವನಿಗೆ ಹೊರೆಯ ಯೋಚನೆ ಬಂದಿರಲಾರದು. ಇಷ್ಟೇ ವ್ಯತ್ಯಾಸ. ಈ ಇಷ್ಟಕ್ಕಾಗಿ ನಾನು ಎಷ್ಟು ಸಲ ಆ ಶೆಡ್ಡಿನೊಳಕ್ಕೆ ಹೋಗಿ ಬಂದಿದ್ದೇನೋ.

ಚಿಂತಾಮಣಿಯೆಂದೇ ನಾನು ಬಹಳ ಕಾಲ ನಂಬಿದ್ದೆ. ವೆಲ್ಡಿಂಗ್ ಮಾಡುತ್ತಿದ್ದ ಸಾಬರು ಒಂದೇ ಮಾತಿನಲ್ಲಿ ಮೂರು ಭಾಷೆ ಹಾಕುತ್ತಿದ್ದರು, ಅದು ಚಿಂತಾಮಣಿಯ ಮಾತು. ಆದರೆ ನನಗೆ ಗೂಡು ಬೇಯುವ ವಾಸನೆಯೂ ನೆನಪಿದೆ. ಬಿಸಿನೀರಿನಲ್ಲಿ ರೇಷ್ಮೆಗೂಡು ಹಾಕಿ ನೂಲು ತೆಗೆಯುವಾಗ ಬರುವ, ಸತ್ತ ಹುಳದ ಕಮಟು. ಆ ಕಾಲದ ಶಿಡ್ಲಘಟ್ಟದ ಬೀದಿಗಳಲ್ಲಿ ಅದು ಇಲ್ಲದ ಜಾಗವಿರಲಿಲ್ಲ. ಶೆಡ್ಡಿನಲ್ಲಿ ಬೆಸುಗೆಯ ಗ್ಯಾಸಿಗೆ ಬಳಸುವ ಕಾರ್ಬೈಡಿನ ಬೆಳ್ಳುಳ್ಳಿಯಂಥ ವಾಸನೆಯ ಜೊತೆಗೆ ಈ ವಾಸನೆಯೂ ಸೇರಿ ನಾನು ವಾಂತಿ ಮಾಡಿದ್ದೆ. ಅಥವಾ ಎರಡು ಬೇರೆ ಬೇರೆ ವಾಂತಿಗಳನ್ನು ನಾನು ಒಂದು ಮಾಡಿಕೊಂಡಿದ್ದೇನೆ.

ಶೆಡ್ಡಿನ ಹೊರಗೆ ನನಗೊಂದು ಮರದ ಪೆಟ್ಟಿಗೆ ಹಾಕಿ ಕೂರಿಸಿದ್ದರು. ನೆಲದ ಮೇಲೆ ಎರಡು ಸಾಮಾನು ಇಟ್ಟಿದ್ದರು. ಸೀಳಿದ್ದಕ್ಕೆ ಬೆಸುಗೆ ಹಾಕಲು ಸಾಬರು ಒಪ್ಪಿರಲಿಲ್ಲ.

"ಇದಕ್ಕೆ ಬೆಸುಗೆ ಹಾಕೋದೂ ಒಂದೇ, ಸತ್ತೋನಿಗೆ ಕ್ಷೌರ ಮಾಡೋದೂ ಒಂದೇ," ಅಂದರು. "ಇವತ್ತು ನಿಲ್ತದೆ. ನಾಳೆ ಪಕ್ಕದಲ್ಲೇ ಸೀಳ್ತದೆ."

ಮೊದಲನೆಯದು ಗುಜರಿಯಿಂದ ತಂದ ಎರಕದ ಮ್ಯಾನಿಫೋಲ್ಡು. ಬೇರೆ ಜಾತಿಯ ಲಾರಿಯದು. ಬೋಲ್ಟಿನ ತೂತು ಸ್ವಲ್ಪ ದೊಡ್ಡದು ಮಾಡಿದರೆ ಕೂರುತ್ತಿತ್ತು. ಅದರ ಬಾಯಿ ಹಳೆಯದರ ಹಾಗೇ ಕೆಳಮುಖ. ಹೊಗೆ ಕ್ಯಾಬಿನ್ನಿನ ಹಲಗೆಯ ಅಡಿಯಿಂದಲೇ ಹಿಂದಕ್ಕೆ ಹೋಗಬೇಕು. ಎರಡನೆಯದು ಸಾಬರು ತಾವೇ ಮಾಡಿದ್ದು. ಕಬ್ಬಿಣದ ಪೈಪುಗಳಿಗೆ ಮರಳು ತುಂಬಿ, ಕೆಂಪಗೆ ಕಾಯಿಸಿ, ಒಂದೊಂದನ್ನೂ ಬಗ್ಗಿಸಿ, ಆರನ್ನೂ ಒಂದು ದಪ್ಪ ಪೈಪಿಗೆ ಸೇರಿಸಿ ಬೆಸೆದಿದ್ದರು. ಇಂಥದೇ ಎಂಜಿನ್ನಿನ ಇನ್ಯಾರದೋ ಲಾರಿಗೆಂದು ಮಾಡಿದ್ದಂತೆ, ಅವರು ತೆಗೆದುಕೊಂಡು ಹೋಗಲು ಬಂದಿರಲಿಲ್ಲ. ಅದು ಮಗುಚಿ ಬಿದ್ದ ಏಡಿಯ ಹಾಗೆ ಕಾಣುತ್ತಿತ್ತು. ಅದರ ಬಾಯಿ ಹಿಂದಕ್ಕೂ ಮೇಲಕ್ಕೂ ತಿರುಗಿತ್ತು. ಅದಕ್ಕೊಂದು ಉದ್ದ ಪೈಪು ಜೋಡಿಸಿ, ಕ್ಯಾಬಿನ್ನಿನ ಹಿಂದೆ ನಿಲ್ಲಿಸಿ, ಹೊಗೆಯನ್ನು ತಲೆಯ ಮೇಲಿನಿಂದ ಬಿಡಬೇಕು.

ತಮ್ಮ ಮೊದಲು ಎರಕದ್ದನ್ನು ತಂತಿಯಲ್ಲಿ ನೇತುಹಾಕಿ ಸ್ಪ್ಯಾನರಿನಿಂದ ತಟ್ಟಿದ. ಗಂಟೆಯ ಹಾಗೆ ನುಡಿಯಿತು. ಎಲ್ಲಾದರೂ ಕೂದಲೆಳೆಯಷ್ಟು ಬಿರುಕಿದ್ದರೂ ಹಾಗೆ ನುಡಿಯುವುದಿಲ್ಲ, ಮಡಕೆ ಕೊಳ್ಳುವಾಗ ತಟ್ಟಿ ನೋಡುತ್ತೇವಲ್ಲ, ಹಾಗೆ. ಸಾಬರು ಆ ಕಡೆ ನೋಡಲಿಲ್ಲ.

"ಎಮ್ಮೆ ಕೊರಳ ಗಂಟೆ," ಅಂದರು.

"ಎಮ್ಮೆ ಹಾಲು ಕೊಡ್ತದಲ್ಲ ಸಾಬ್ರೇ."

"ಕೊಡ್ತದೆ. ನೀನು ಹಾಲು ಕರೆಯೋಕೆ ಲಾರಿ ಇಟ್ಟಿದೀಯಾ, ಓಡಿಸೋಕೆ ಇಟ್ಟಿದೀಯಾ? ಏಮಪ್ಪಾ, ಸ್ವಲ್ಪ ಚೂಡು ಇಲ್ಲಿ. ಒಂದೊಂದಕ್ಕೂ ಬೇರೆ ದಾರಿ. ಯಾರೂ ಯಾರನ್ನೂ ನೂಕಲ್ಲ. ದೇಖೋ, ಏರಿ ಹತ್ತುವಾಗ ನಿನಗೇ ಗೊತ್ತಾಗ್ತದೆ."

ಏಡಿಯಂಥದ್ದನ್ನು ತಟ್ಟಿ ಪರೀಕ್ಷಿಸಲಾಗುವುದಿಲ್ಲ, ಬೆಸುಗೆ ಇರುವುದರಿಂದ ನುಡಿಯುವುದಿಲ್ಲ. ಅದಕ್ಕೆ ಬೇರೆ ಪರೀಕ್ಷೆ. ತಮ್ಮ ಅದರ ಆರು ಪೈಪಿನಲ್ಲಿ ಐದರ ಬಾಯಿಗೆ ಒದ್ದೆ ಜೇಡಿಮಣ್ಣು ಮೆತ್ತಿದ. ಬೀಡಿ ಹಚ್ಚಿ, ದಮ್ಮು ಎಳೆದು, ಆರನೆಯದರಲ್ಲಿ ಹೊಗೆ ಊದಿದ. ದೊಡ್ಡ ಬಾಯನ್ನು ಸಾಬರು ಅಂಗೈಯಿಂದ ಮುಚ್ಚಿ ಹಿಡಿದಿದ್ದರು. ಬೆಸುಗೆಯಲ್ಲಿ ಎಲ್ಲಾದರೂ ಸಂದಿದ್ದರೆ ಅಲ್ಲಿಂದ ಹೊಗೆ ಎಳೆಯಾಗಿ ಏಳಬೇಕು. ಏಳಲಿಲ್ಲ. ಸಾಬರು ಕೈ ತೆಗೆದರು. ಬೀಡಿಯ ಹೊಗೆ ದೊಡ್ಡ ಬಾಯಿಂದ ನಿಧಾನವಾಗಿ ಎದ್ದು ಚಾವಣಿಯ ತಗಡಿನ ಕಡೆ ಹೋಯಿತು.

"ನೋಡಮ್ಮ, ಹೊಗೆ ಎಲ್ಲಿಗೆ ಹೋಯ್ತು?" ಸಾಬರು ನನ್ನನ್ನು ಕೇಳಿದರು.

"ಮೇಲಕ್ಕೆ."

"ಅಷ್ಟೇ. ಹೊಗೆ ಮೇಲಕ್ಕೇ ಹೋಗೋದು. ಅದನ್ನ ಕೆಳಗೆ ಕಳಿಸೋದು ಅಲ್ಲಾಗೂ ಇಷ್ಟ ಇಲ್ಲ."

ನಿಂತ ಲಾರಿಯ ಹೊಗೆ ಮೇಲಕ್ಕೆ ಹೋಗುತ್ತದೆ. ಓಡುವ ಲಾರಿಯ ಹೊಗೆ ಹಿಂದಕ್ಕೆ ಹೋಗುತ್ತದೆ, ಹಿಂದೆ ಏನಿದೆಯೋ ಅದರ ಮೇಲೆ ಕೂರುತ್ತದೆ. ಇದು ಅಲ್ಲಿದ್ದ ಮೂವರಲ್ಲಿ ಯಾರಿಗೂ ಹೊಳೆಯಲಿಲ್ಲವೇ? ರೇಷ್ಮೆಯ ಸೀಮೆಯಲ್ಲಿ ಹುಟ್ಟಿ ಬೆಳೆದವರು ನಾವು. ಹುಳದ ಮನೆಯಲ್ಲಿ ಒಗ್ಗರಣೆ ಹಾಕುವುದಿಲ್ಲ, ಬೀಡಿ ಸೇದಿ ಬಂದವರನ್ನು ಹೊಸಿಲು ದಾಟಿಸುವುದಿಲ್ಲ ಎಂಬುದನ್ನು ಮಾತು ಬರುವ ಮೊದಲೇ ಕಲಿತವರು. ಆದರೆ ಚಂದ್ರಿಕೆ ಎಂದೂ ಎತ್ತಿನ ಗಾಡಿಯಲ್ಲಿ ಬರುವಂಥದ್ದು. ಎತ್ತಿಗೆ ಸೈಲೆನ್ಸರ್ ಇಲ್ಲ. ಹುಳದ ಮನೆಗೆ ಒಂದು ಬುದ್ಧಿ, ಲಾರಿಗೆ ಒಂದು ಬುದ್ಧಿ, ಎರಡೂ ಒಂದೇ ತಲೆಯಲ್ಲಿ ಪಕ್ಕಪಕ್ಕದಲ್ಲಿದ್ದು ಒಂದನ್ನೊಂದು ಮಾತಾಡಿಸಿರಲಿಲ್ಲ.

ಅಥವಾ ಮಾತಾಡಿಸಿದ್ದವು. ನನಗೆ ನೆಮ್ಮದಿ ಕೊಡದಿರುವುದು ಈ ಅಥವಾ.

ತಮ್ಮ ಎರಡರ ನಡುವೆ ಕುಕ್ಕರಗಾಲಿನಲ್ಲಿ ಕೂತು ಬಹಳ ಹೊತ್ತು ನೋಡಿದ. ಎರಕದ್ದು ಗಟ್ಟಿ ಎಂದು ಅವನಿಗೆ ಗೊತ್ತಿತ್ತು, ತಟ್ಟಿ ಕೇಳಿದ್ದ. ಆಮೇಲೆ ತಲೆಯೆತ್ತಿ ಕೇಳಿದ. "ಅಕ್ಕ, ಇನ್ನೂ ಹೊಟ್ಟೆ ತೊಳಸ್ತೈತಾ?"

ನಾನು ಏನೋ ಹೇಳಿದೆ. ಹೂಂ ಎಂದಿರಬೇಕು.

ಅವನು ಎದ್ದು ಏಡಿಯಂಥದ್ದರ ಕಡೆ ಕೈ ತೋರಿಸಿದ. "ಇದನ್ನ ಹಾಕಿ ಸಾಬ್ರೇ."

ಪ್ರಶ್ನೆ ಮೊದಲು, ಕೈ ತೋರಿಸಿದ್ದು ಆಮೇಲೆ. ಹೀಗೇ ನಡೆಯಿತು ಎಂದು ನಾನು ಬರೆಯುತ್ತಿದ್ದೇನೆ. ಆದರೆ ಇನ್ನೊಂದು ಕ್ರಮವೂ ನನ್ನೊಳಗೆ ಇದೆ. ಅದರಲ್ಲಿ ಅವನು ಮೊದಲು ಕೈ ತೋರಿಸುತ್ತಾನೆ, ಸಾಬರು ಬಾನೆಟ್ಟಿನೊಳಗೆ ತಲೆ ಹಾಕುತ್ತಾರೆ, ಆಮೇಲೆ ಅವನು ಸುಮ್ಮನೆ ನಿಂತಿರಲಾರದೆ ನನ್ನ ಹೊಟ್ಟೆಯ ವಿಚಾರ ಕೇಳುತ್ತಾನೆ. ಮೊದಲನೆಯ ಕ್ರಮದಲ್ಲಿ ಆ ಪೈಪು ನನಗಾಗಿ. ಎರಡನೆಯದರಲ್ಲಿ ಅದು ಲಾರಿಗಾಗಿ. ಯಾವುದು ಮೊದಲು ನೆನಪಾಯಿತು, ಯಾವುದನ್ನು ನಾನು ಆಮೇಲೆ ಜೋಡಿಸಿಕೊಂಡೆ, ಹೇಳಲಾರೆ.

ಬೋಲ್ಟು ಬಿಗಿದು ಎಂಜಿನ್ ಶುರುಮಾಡಿದಾಗ ಬೀದಿಯ ಜನ ತಿರುಗಿ ನೋಡಿದರು. ಹಳೆಯ ಲಾರಿ ಕೆಮ್ಮುತ್ತಿತ್ತು. ಇದು ಹಾಗಲ್ಲ. ದೊಡ್ಡ ತಮಟೆಯನ್ನು ಬೆಂಕಿಗೆ ಹಿಡಿದು ಹದ ಮಾಡಿ ಬಾರಿಸಿದ ಹಾಗೆ ಬಿಡಿಬಿಡಿಯಾಗಿ, ಗಡುಸಾಗಿ ಗುಡುಗಿತು. ತಮ್ಮ ಆಕ್ಸಿಲರೇಟರ್ ತುಳಿದು ಬಿಟ್ಟು, ತುಳಿದು ಬಿಟ್ಟು ಕೇಳಿದ. ಅವನ ಮುಖ ಅರಳಿತ್ತು. ಮಾವನವರು ಮುಂದೆ ಹೇಳಿದ್ದು ಅದನ್ನೇ: ಷೋಕಿಗೆ ಹಾಕಿಸಿದ, ಸದ್ದು ಮಾಡಕ್ಕೆ ಹಾಕಿಸಿದ. ಆ ಮಾತು ಸುಳ್ಳೆಂದು ಹೇಳಲು ನನ್ನ ಹತ್ತಿರ ಏನಿದೆ? ಆ ಮುಖವನ್ನು ನಾನೂ ನೋಡಿದ್ದೇನೆ. ಅಷ್ಟೇ ನಿಜವಾದ ಇನ್ನೊಂದು ಸಂಗತಿ, ಅಲ್ಲಿಂದ ಮುಂದೆ ಕಾಲ ಕೆಳಗಿನ ಹಲಗೆ ತಣ್ಣಗಾಯಿತು. ವಾಸನೆ ನಿಂತಿತು. ನಾನು ತಲೆ ಒರಗಿಸಿ ಸ್ವಲ್ಪ ನಿದ್ದೆ ಮಾಡಿದೆ. ಆ ನಿದ್ದೆಯಲ್ಲಿ ಎಷ್ಟು ದಾರಿ ಕಳೆಯಿತೋ ತಿಳಿಯದು. ಎಚ್ಚರವಾದಾಗ ಹಿಂದೆ ಚಂದ್ರಿಕೆಗಳು ಕಿರಕಿರ ಎನ್ನುತ್ತಿದ್ದವು. ನಾನು ಮಲಗಿದ್ದಾಗ ಹೇರಿದರೋ, ಮೊದಲೇ ಇದ್ದವೋ.

ಊರಿಗೆ ಬಂದಾಗ ಸಂಜೆಯಾಗಿರಲಿಲ್ಲ. ಚಂದ್ರಿಕೆಗಳನ್ನು ಇಳಿಸಿ ಕೊಟ್ಟಿಗೆಯ ಗೋಡೆಗೆ ಒರಗಿಸಿದರು. ಬೇರೆ ಹೊರೆ ಕಾದಿದೆ ಎಂದು ತಮ್ಮ ಬಾಗಿಲಲ್ಲೇ ನೀರು ಕುಡಿದು ಹೊರಟುಹೋದ. ಅತ್ತೆ ಹುಳದ ಮನೆಯಿಂದ ಬಂದು, ಕೈ ತೊಳೆದು, ಚಂದ್ರಿಕೆಗೆ ಮೂಗು ಹಚ್ಚಿದರು. ಬಾಡಿಗೆ ಚಂದ್ರಿಕೆ ಬಂದಾಗ ಯಾವಾಗಲೂ ಮೂಸುವುದು ಅವರ ರೂಢಿ. ಇಲಿಯ ವಾಸನೆ ಇದೆಯೇ, ಕಳೆದ ಬೆಳೆಯ ಕೊಳೆತ ಹುಳದ ವಾಸನೆ ಇದೆಯೇ ಎಂದು. ಒಂದನ್ನು ಬಿಟ್ಟು ಇನ್ನೊಂದನ್ನು ಮೂಸಿದರು.

"ಏನೋ ಸುಟ್ಟ ವಾಸನೆ ಕಣಮ್ಮ."

ನಾನೂ ಮೂಸಿದೆ. ಸುಟ್ಟ ವಾಸನೆ ಇತ್ತು. ಆದರೆ ಏನು ಸುಟ್ಟದ್ದು? ಚಂದ್ರಿಕೆಯಿಂದ ಗೂಡು ಬಿಡಿಸಿದ ಮೇಲೆ ಬಿದಿರಿಗೆ ಅಂಟಿಕೊಂಡ ನೂಲಿನ ಹೊಟ್ಟನ್ನು ತೆಗೆಯಲು ಹುಲ್ಲಿನ ಬೆಂಕಿಯಲ್ಲಿ ಆಡಿಸುತ್ತಾರೆ. ಬಾಡಿಗೆಯವರು ಹಾಗೆ ಮಾಡಿ, ಬಿಸಿಲಿಗೆ ಒಣಗಿಸಿ ಕೊಡಬೇಕು. ಆ ವಾರವೆಲ್ಲ ಮೋಡ, ಬಿಸಿಲೆಲ್ಲಿತ್ತು? ನಾನು ಅತ್ತೆಗೆ ಅದನ್ನೇ ಹೇಳಿದೆ. "ಹೊಟ್ಟು ಸುಟ್ಟಿರಬೇಕು ಅತ್ತೆ."

"ಹೊಟ್ಟು ಸುಟ್ಟರೆ ಕೂದಲು ಸುಟ್ಟಂಗಿರ್ತದೆ. ಇದು ಮೋಟಾರಿನ ವಾಸನೆ."

ಕೂದಲಿನ ವಾಸನೆಯೂ ಇತ್ತು ಎಂದು ನನಗೆ ಅನಿಸಿತ್ತು. ಬಸುರಿಯ ಮೂಗು, ಅದನ್ನು ಯಾರು ನಂಬುತ್ತಾರೆ. ಮಾವನವರು ಬಂದರು, ಮೂಸಲಿಲ್ಲ. ಗಾಳಿಗಿಡಿ, ಹೋಗುತ್ತದೆ ಎಂದರು. ಗಾಳಿಗಿಟ್ಟೆವು. ಬೇರೆ ದಾರಿಯೂ ಇರಲಿಲ್ಲ. ಹುಳ ಹಣ್ಣಾಗಿ ತಟ್ಟೆಯ ಅಂಚಿಗೆ ಬಂದು ತಲೆಯೆತ್ತಿ ಆಡಿಸುತ್ತಿದ್ದವು. ಹಣ್ಣು ಹುಳವನ್ನು ನಾಳೆ ಬಾ ಎನ್ನಲಾಗುವುದಿಲ್ಲ.

ಮನೆಯ ಹಳೆಯ ಚಂದ್ರಿಕೆಗಳು ಮೊದಲು ತುಂಬಿದವು, ಆಮೇಲೆ ಇವು. ಬೆಳಿಗ್ಗೆ ಎದ್ದು ನೋಡುವಾಗ ಕೊಟ್ಟಿಗೆಯ ನೆಲ ಹಳದಿಯಾಗಿತ್ತು. ಹುಳ ಸುರುಳಿಯ ಸಂದಿನಲ್ಲಿ ನಿಂತಿರಲಿಲ್ಲ. ಅಂಚಿಗೆ ಹತ್ತಿ, ತಲೆಯಾಡಿಸಿ, ಕೆಳಗೆ ಬಿದ್ದು, ನೆಲದ ಮೇಲೆ ಅಲ್ಲಲ್ಲಿ ಒಂದೆರಡು ಎಳೆ ನೂಲು ಬಿಟ್ಟು ಸುಮ್ಮನಾಗಿದ್ದವು. ನೆಲದ ಮೇಲೆಲ್ಲ ತೆಳ್ಳಗೆ ಬಲೆಯಂತೆ ಮಿನುಗುತ್ತಿತ್ತು, ಕಾಲಿಡಲು ಜಾಗವಿರಲಿಲ್ಲ. ಕೋಳಿಗಳು ಒಳಗೆ ನುಗ್ಗಿದ್ದವು. ಅತ್ತೆ ಅವನ್ನು ಓಡಿಸಲಿಲ್ಲ. ಅದನ್ನು ನೋಡಿದಾಗಲೇ ನನಗೆ ಗೊತ್ತಾಯಿತು, ಬೆಳೆ ಹೋಯಿತೆಂದು.

ಮನೆಯ ಹಳೆಯ ಚಂದ್ರಿಕೆಯ ಹುಳ ಹೇಗಿದ್ದವು? ಎಲ್ಲದರ ಉತ್ತರ ಅಲ್ಲಿದೆ. ಅವು ಚೆನ್ನಾಗಿ ಗೂಡು ಕಟ್ಟಿದ್ದರೆ ತಪ್ಪು ಬಾಡಿಗೆ ಚಂದ್ರಿಕೆಯದೇ. ಅವೂ ಬಿದ್ದಿದ್ದರೆ ಹುಳಕ್ಕೆ ಬರುವ ಸಪ್ಪೆ ರೋಗ, ಇಲ್ಲವೇ ಆ ವಾರದ ಥಂಡಿ. ಮಾವನವರು ಅವು ಕಟ್ಟಿದ್ದವು ಎನ್ನುತ್ತಿದ್ದರು. ನನ್ನ ಗಂಡ ಒಂದೇ ಒಂದು ಸಲ, ಎಷ್ಟೋ ವರ್ಷದ ಮೇಲೆ, ಅವೂ ಅಷ್ಟಕ್ಕಷ್ಟೇ ಎಂದರು. ನಾನು ಅವನ್ನು ನನ್ನ ಕೈಯಾರೆ ಬಿಡಿಸಿದವಳು. ಬಿಡಿಸಿದ ಗೂಡುಗಳು ಕೈಗೆ ಗಟ್ಟಿಯಾಗಿ ಸಿಕ್ಕವೋ ಮೆತ್ತಗೋ ಎಂಬುದು ಬೆರಳಿಗಾದರೂ ನೆನಪಿರಬೇಕಿತ್ತು. ಇಲ್ಲ.

ಅದಾಗಿ ಸ್ವಲ್ಪ ದಿನಕ್ಕೆ ತಮ್ಮ ಬಂದ. ಏನೂ ಗೊತ್ತಿಲ್ಲದೆ ಬಂದ. ಏರಿಯ ಮೇಲೆ ಬರುವಾಗಲೇ ಸದ್ದು ಕೇಳಿ ಮಾವನವರು ಜಗಲಿಗೆ ಹೋಗಿ ಕೂತರು. ಅವನು ಬಗಲಲ್ಲಿ ಒಂದು ಬೆಲ್ಲದ ಅಚ್ಚು ಹಿಡಿದು ನಗುತ್ತ ಬಂದು, ಅವರ ಮುಖ ನೋಡಿ, ಮೆಟ್ಟಿಲ ಕೆಳಗೇ ನಿಂತ.

"ಬಾರಪ್ಪ," ಅಂದರು ಮಾವನವರು. ಅವರು ದನಿ ಏರಿಸುವವರಲ್ಲ. "ನಿನ್ನ ಗಾಡಿ ಸದ್ದು ಏರಿ ಮೇಲಿಂದಾನೇ ಕೇಳಿಸ್ತು. ಒಳ್ಳೆ ಸದ್ದು. ನಮ್ಮ ಹುಳಕ್ಕೂ ಕೇಳಿಸಿದ್ರೆ ಚೆನ್ನಾಗಿತ್ತು, ಅವೆಲ್ಲ ತಿಪ್ಪೇಲವೆ."

ತಮ್ಮ ನನ್ನ ಕಡೆ ನೋಡಿದ. ನಾನು ಬಾಗಿಲ ಬಳಿ ಇದ್ದೆ.

"ಏನಾಯ್ತು ಮಾವ?"

"ಮೋಟಾರು ಹೊಗೆ ಹಾಕಿ ಚಂದ್ರಿಕೆ ತಂದೆಯಲ್ಲಪ್ಪ. ಮುಳ್ಳುಹಂದಿ ಬಿಲಕ್ಕೆ ಹಾಕ್ದಂಗೆ."

ಅವನು ಬೆಲ್ಲದ ಅಚ್ಚನ್ನು ಇನ್ನೊಂದು ಬಗಲಿಗೆ ಬದಲಿಸಿದ. ಆಮೇಲೆ, "ಹೊಗೆ ಮೇಲಕ್ಕೆ ಹೋಗ್ತದೆ ಅಂತ ಸಾಬ್ರು ಹೇಳಿದ್ರು," ಅಂದ.

"ಮೇಲಕ್ಕೆ ಹೋಗ್ಲಿ. ನೀನು ಈ ಕಡೆ ಬರೋದು ಬೇಡ. ಅಕ್ಕನ್ನ ನೋಡ್ಬೇಕಾದ್ರೆ ಬಸ್ಸಿನಲ್ಲಿ ಬಾ, ಬೇಡ ಅನ್ನಲ್ಲ. ಆ ಗಾಡಿ ನಮ್ಮೂರಿಗೆ ಬರೋದು ಬೇಡ."

ಇಲ್ಲಿ ಅವನು ಹೇಳಬಹುದಿತ್ತು. ಅಕ್ಕನಿಗೆ ಹೊಗೆ ಆಗುತ್ತಿರಲಿಲ್ಲ, ಅವಳು ವಾಂತಿ ಮಾಡುತ್ತಿದ್ದಳು, ಅದಕ್ಕೇ ಹಾಕಿಸಿದೆ ಎಂದು. ಅವರ ಮನೆಯ ಬಸುರಿಯಲ್ಲವೇ ನಾನು, ಅದಕ್ಕೆ ಮಾವನವರ ಹತ್ತಿರ ಉತ್ತರ ಇರುತ್ತಿರಲಿಲ್ಲ. ಅವನು ಹೇಳಲಿಲ್ಲ. ಅದು ನಿಜವಲ್ಲವಾದ್ದರಿಂದ ಹೇಳಲಿಲ್ಲವೋ, ನಿಜವಾಗಿದ್ದರಿಂದಲೇ ಹೇಳಲಿಲ್ಲವೋ. ಹೇಳಿದ್ದರೆ ಆ ಮಾತು ನನ್ನ ತಲೆಗೆ ಬರುತ್ತಿತ್ತು, ಸೊಸೆಗಾಗಿ ಬೆಳೆ ಹೋಯಿತು ಎಂದು. ಅಷ್ಟು ಯೋಚಿಸುವವನೇ ಅವನು? ಇಪ್ಪತ್ತೆರಡು ವರ್ಷಕ್ಕೆ ಯಾರು ಅಷ್ಟು ಯೋಚಿಸುತ್ತಾರೆ? ಬೆಲ್ಲದ ಅಚ್ಚನ್ನು ಮೆಟ್ಟಿಲ ಮೇಲಿಟ್ಟು ಹೋದ. ಅತ್ತೆ ಅದನ್ನು ಒಳಗೆ ತಂದರು. ಬೆಲ್ಲದ ಮೇಲೆ ಅವರಿಗೇನೂ ಕೋಪವಿರಲಿಲ್ಲ.

ಬಸ್ಸಿನಲ್ಲಿ ಅವನು ಬರಲಿಲ್ಲ. ಲಾರಿ ಇರುವವನು ಬಸ್ಸಿನಲ್ಲಿ ಹೇಗೆ ಬರುತ್ತಾನೆ. ಬಾಣಂತನಕ್ಕೆ ಕರೆದುಕೊಂಡು ಹೋಗಲು ಅಪ್ಪ ಬಂದರು. ಮಗಳು ಹುಟ್ಟಿದಳು. ತವರಿನಲ್ಲಿದ್ದ ಅಷ್ಟು ತಿಂಗಳೂ ತಮ್ಮ ಹೊರೆಯ ಮೇಲೇ ಇದ್ದ, ಮನೆಗೆ ಬಂದರೂ ಉಂಡು ಮಲಗುತ್ತಿದ್ದ. ಮಗುವನ್ನು ಎತ್ತಿಕೊಳ್ಳುತ್ತಿದ್ದ. ನನ್ನ ಜೊತೆ ಮಳೆಯ ಬಗ್ಗೆ ಮಾತಾಡುತ್ತಿದ್ದ. ನಾನು ಒಂದು ಸಲ, ಆ ಶೆಡ್ಡು ಚಿಂತಾಮಣಿಯದಲ್ಲವೇನೋ ಎಂದು ಕೇಳಿದೆ.

"ಯಾವ ಶೆಡ್ಡು ಅಕ್ಕ?" ಅಂದ.

ಅವನಿಗೆ ಗೊತ್ತಿತ್ತು ಯಾವ ಶೆಡ್ಡೆಂದು. ಅವನು ಕೇಳಿದ ರೀತಿಯಲ್ಲೇ ಅದು ಗೊತ್ತಾಗುತ್ತಿತ್ತು. ನಾನು ಮತ್ತೆ ಕೇಳಲಿಲ್ಲ.

ಆಮೇಲೆ ಉಳಿದದ್ದು ಸದ್ದು. ಮುರುಗಮಲ್ಲದ ದರ್ಗಾಕ್ಕೆ ಜನ ಸೇರುವ ದಿನಗಳಲ್ಲಿ, ಕಡಲೆಕಾಯಿ ಸುಗ್ಗಿಯಲ್ಲಿ, ಅವನ ಲಾರಿ ಆ ರಸ್ತೆಯಲ್ಲಿ ಹೋಗುತ್ತಿತ್ತು. ನಮ್ಮ ಊರು ರಸ್ತೆಯಿಂದ ಒಳಗಿದ್ದರೂ ಆ ಗಡುಸು ಗುಡುಗು ಕೇಳುತ್ತಿತ್ತು. ಬೇರೆ ಯಾವ ಲಾರಿಗೂ ಆ ಸದ್ದಿರಲಿಲ್ಲ. ನಾನು ಸೊಪ್ಪು ಹೆಚ್ಚುತ್ತಿರುತ್ತಿದ್ದೆ, ಹುಳದ ತಟ್ಟೆಯ ಕಸ ತೆಗೆಯುತ್ತಿರುತ್ತಿದ್ದೆ. ಕವಲು ದಾರಿಯ ಹತ್ತಿರ ಬಂದಾಗ ಸದ್ದು ಸ್ವಲ್ಪ ಇಳಿಯುತ್ತಿತ್ತು. ಗೇರು ಬದಲಿಸುತ್ತಾನೆ, ಅಲ್ಲಿ ಏರು ಇದೆ. ತಿರುಗುತ್ತಾನೇನೋ ಎಂದು ಕೈ ನಿಲ್ಲುತ್ತಿತ್ತು. ಮತ್ತೆ ಸದ್ದು ಏರಿ, ದೂರವಾಗಿ ಹೋಗುತ್ತಿತ್ತು. ಅತ್ತೆಗೂ ಕೇಳುತ್ತಿತ್ತು. "ಹೋದ ನೋಡು," ಎನ್ನುತ್ತಿದ್ದರು ಮೆಲ್ಲಗೆ, ಮಾವನವರಿಗೆ ಕೇಳದ ಹಾಗೆ. ಗೌರಿಹಬ್ಬದ ಬಾಗಿನವನ್ನು ಒಂದೆರಡು ವರ್ಷ ಕವಲು ದಾರಿಯ ಅಂಗಡಿಯಲ್ಲಿ ಕೊಟ್ಟು ಹೋಗಿದ್ದ. ಅಂಗಡಿಯವಳು ತಂದು ಕೊಡುತ್ತಿದ್ದಳು. ಮೊರದ ಮೇಲೆ ಮುಚ್ಚಿದ ಮೊರವನ್ನು ಅವನೇ ದಾರದಿಂದ ಕಟ್ಟಿರುತ್ತಿದ್ದ, ಹೊರೆ ಕಟ್ಟುವ ಗಂಟು ಹಾಕಿ. ಬಿಚ್ಚಲು ಕಷ್ಟವಾಗುತ್ತಿತ್ತು.

ಒಂದು ವರ್ಷ ಸದ್ದು ನಿಂತಿತು. ಯಾವ ವರ್ಷವೆಂದು ಹೇಳಲಾರೆ, ಸದ್ದು ನಿಂತದ್ದು ಆ ದಿನ ಗೊತ್ತಾಗುವುದಿಲ್ಲ. ಬಹಳ ದಿನದಿಂದ ಕೇಳಿಲ್ಲವಲ್ಲ ಎಂದು ಒಂದು ದಿನ ಅನಿಸುತ್ತದೆ. ಲಾರಿ ಮಾರಿದನೋ, ಆ ಪೈಪು ತೆಗೆಸಿ ಎರಕದ್ದನ್ನೇ ಹಾಕಿಸಿದನೋ. ತೆಗೆಸಿದ್ದರೆ ಅವನು ಆಮೇಲೂ ಆ ದಾರಿಯಲ್ಲಿ ಓಡಾಡಿರಬಹುದು, ಎಲ್ಲ ಲಾರಿಗಳ ಹಾಗೆ ಸದ್ದು ಮಾಡುತ್ತ, ನನಗೆ ತಿಳಿಯದ ಹಾಗೆ.

ಅವನು ಈಗಿಲ್ಲ. ಮಾವನವರೂ ಅತ್ತೆಯೂ ಇಲ್ಲ. ಅವನು ಹೋದ ಮೇಲೆ ಅವನ ಹೆಂಡತಿಯನ್ನು ಕೇಳಿದೆ. ಆ ಪೈಪಿನ ಸಂಗತಿ ಏನಾದರೂ ಹೇಳಿದ್ದನೇ ಎಂದು.

"ಚಿಕ್ಕಬಳ್ಳಾಪುರದಲ್ಲಿ ಹಾಕಿಸಿದ್ದೆ ಅಂತಿದ್ರು ಅತ್ತಿಗೆ," ಅಂದಳು. "ಒಳ್ಳೆ ಪೈಪು, ಏರಿ ಹತ್ತೋದು ಗೊತ್ತಾಗ್ತಿರ್ಲಿಲ್ಲ ಅಂತಿದ್ರು. ಇನ್ನೇನೂ ಹೇಳ್ಲಿಲ್ಲ."

"ನನ್ನ ವಿಚಾರ?"

"ನಿಮ್ಮ ವಿಚಾರ ಅದರಲ್ಲೇನು ಬಂತು?"

ಅವಳು ಹೇಳುವಂತೆ ಚಿಕ್ಕಬಳ್ಳಾಪುರವಾದರೆ ಲಾರಿ ಖಾಲಿಯಿತ್ತು. ನಾನು ನಂಬಿದ್ದಂತೆ ಚಿಂತಾಮಣಿಯಾದರೆ ತುಂಬಿತ್ತು. ಗೂಡು ಬೇಯುವ ವಾಸನೆ ಶಿಡ್ಲಘಟ್ಟ ಎನ್ನುತ್ತದೆ. ಮೂರು ಊರಿನಲ್ಲಿ ಒಂದೇ ಶೆಡ್ಡು ಇರಲು ಸಾಧ್ಯವಿಲ್ಲ.

ಆ ಹುಳ ಹೊಗೆಯಿಂದ ಸತ್ತವೋ ರೋಗದಿಂದ ಸತ್ತವೋ ನನಗೆ ಗೊತ್ತಿಲ್ಲ. ನನ್ನ ತಮ್ಮ ಆ ಪೈಪನ್ನು ಯಾಕೆ ಆರಿಸಿದನೆಂಬುದೂ ನನಗೆ ಗೊತ್ತಿಲ್ಲ.